ಕಾವಲಿನ ವಿಜ್ಞಾನದಲ್ಲಿ ಕುರಿಗೂ ಪಾಲು ಬೇಕು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಲೆಕ್ಕಶಾಸ್ತ್ರ ಓದುವವರಿಗೆ ರಕ್ತಕಣದ ವಿಷಯ ಯಾಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ನಮ್ಮ ಮನೆ ನಡೆಯುವುದು ಕುರಿ ವ್ಯಾಪಾರದಿಂದ. ಅಬ್ಬಾ ಚಳ್ಳಕೆರೆ ಸುತ್ತಿನ ಹಳ್ಳಿಗಳಲ್ಲಿ ಕುರಿ ಕೊಂಡು ಸಂತೆಗೆ ಹೊಡೆಯುತ್ತಾರೆ. ಸಾಕುವವರು ಕುರುಬರು, ಗೊಲ್ಲರು, ನಾಯಕರು. ಕೊಳ್ಳುವವರಲ್ಲಿ, ಮಾರುವವರಲ್ಲಿ, ಮಾಂಸದ ಅಂಗಡಿ ಇಟ್ಟವರಲ್ಲಿ, ಚರ್ಮದ ವ್ಯಾಪಾರದಲ್ಲಿ ನಮ್ಮ ಮೊಹಲ್ಲಾದವರು ಹಲವರಿದ್ದಾರೆ. ಉಣ್ಣೆ ಕಂಬಳಿಯಾಗಿ ಹೋಗುತ್ತದೆ. ಕುರಿಗೆ ಬೇನೆ ಬಂದ ವರ್ಷ ಇಷ್ಟೂ ಮನೆಗಳಿಗೆ ಒಟ್ಟಿಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಕುರಿಯ ರಕ್ತದಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ನನ್ನ ಮಟ್ಟಿಗೆ ವ್ಯಾಪಾರದ ಪ್ರಶ್ನೆಯೂ ಹೌದು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ತಾಲ್ಲೂಕಿನ ಮೇವಿನ ಕಾವಲುಗಳನ್ನು ದೇಶದ ವಿಜ್ಞಾನಕ್ಕಾಗಿ ಬಿಟ್ಟುಕೊಡಲಾಗಿದೆ. ಆ ವಿಜ್ಞಾನದ ಒಂದು ಸಣ್ಣ ಪಾಲು ಅಲ್ಲಿ ಮೇಯುತ್ತಿದ್ದ ಕುರಿಗೆ ಬರಬೇಕು. ಯಾವ ಪಾಲು ಎಂದು ಕೇಳಿದರೆ, ಕುರಿಯ ರೋಗನಿರೋಧಕ ಕಣಗಳನ್ನು ಗುರುತಿಸಿ ಎಣಿಸುವ ಮೊನೊಕ್ಲೋನಲ್ ಪ್ರತಿಕಾಯಗಳು. ಹೆಸರು ಕೇಳಿ ಹೆದರಬೇಡಿ. ನಾನೂ ಗೆಳತಿಯ ಜೀವಶಾಸ್ತ್ರ ಪುಸ್ತಕದಿಂದ ಶುರುಮಾಡಿ, ಗ್ರಂಥಾಲಯದಲ್ಲಿ ಕೂತು, ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದು.

ಮೊದಲು ಕಾವಲಿನ ಮಾತು. ಉಳ್ಳಾರ್ತಿ ಕಾವಲ್, ಕುದಾಪುರ ಕಾವಲ್, ವರವು ಕಾವಲ್ ಇವೆಲ್ಲ ಅಮೃತ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಲ್ಲಿ ರಾಜ್ಯದ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು ಇವು. ‘ಬೆಣ್ಣೆ ಚಾವಡಿ’ ಎಂದಿದ್ದ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಮುಂದೆ ಸುತ್ತಲಿನ ಹಳ್ಳಿಗಳ ದನ, ಕುರಿ, ಆಡುಗಳೂ ಇಲ್ಲೇ ಮೇಯ್ದು ಬದುಕಿದವು. 2008ರಿಂದ ಈಚೆಗೆ ಸುಮಾರು 10,000 ಎಕರೆ ಕಾವಲು ಭೂಮಿ ಹಲವು ಸಂಸ್ಥೆಗಳಿಗೆ ಹಂಚಿಕೆಯಾಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ. ಈ ಕೊನೆಯದರಲ್ಲಿ ದೊಡ್ಡ ಪಾಲು ಉಳ್ಳಾರ್ತಿ ಕಾವಲಿನದು. ಇಸ್ರೋಗೂ ಜಾಗ ಸಿಕ್ಕಿತು. ಗೋಡೆ, ಬೇಲಿ ಎದ್ದವು. ಊರವರು ಹೋರಾಡಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. 2014ರ ತೀರ್ಪಿನ ನಂತರ ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು.

ಅಲ್ಲಿ ನಡೆಯುವ ಕೆಲಸದ ಬಗ್ಗೆ ನನಗೆ ಹೆಮ್ಮೆ ಇಲ್ಲವೆಂದಲ್ಲ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ನಮ್ಮ ತಾಲ್ಲೂಕಿನ ಪರೀಕ್ಷಾ ರನ್‌ವೇ ಮೇಲೆ ತಾನೇ ಬಂದು ಇಳಿದಾಗ ನಮ್ಮ ಇಡೀ ತರಗತಿ ಮೊಬೈಲಿನಲ್ಲಿ ಅದನ್ನು ನೋಡಿತು. ಆದರೆ ಆಕಾಶದಿಂದ ಇಳಿಯುವ ವಾಹನಕ್ಕೆ ಇರುವ ಜಾಗ ಕುರಿಯ ರೋಗಕ್ಕೂ ಇರಬಾರದೇಕೆ ಎಂಬುದು ನನ್ನ ಪ್ರಶ್ನೆ.

ಈಗ ಪ್ರತಿಕಾಯದ ಮಾತು. ನಮ್ಮ ದೇಹಕ್ಕೆ ಹೊರಗಿನ ರೋಗಾಣು ಬಂದಾಗ ಬಿ ಕೋಶ ಎಂಬ ಬಿಳಿ ರಕ್ತಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಬೀಗಕ್ಕೆ ಕೀಲಿ ಹೊಂದುವಂತೆ ಒಂದು ಪ್ರತಿಕಾಯ ಒಂದು ಆಕಾರಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಕಲಸಿಹೋಗಿರುತ್ತವೆ. ಅವುಗಳಲ್ಲಿ ಒಂದೇ ಬಗೆಯದನ್ನು ಬೇರ್ಪಡಿಸಿ, ಬೇಕಾದಷ್ಟು, ಬೇಕಾದಾಗಲೆಲ್ಲ ತಯಾರಿಸುವ ದಾರಿಯನ್ನು 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಕಂಡುಕೊಂಡರು. ಅವರು ಇಲಿಯ ಗುಲ್ಮದಿಂದ ಒಂದು ಬಿ ಕೋಶ ತೆಗೆದುಕೊಂಡು, ಸಾಯದೆ ಬೆಳೆಯುತ್ತಲೇ ಇರುವ ಒಂದು ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಹಾಗೆ ಹುಟ್ಟಿದ ಕೋಶಕ್ಕೆ ಹೈಬ್ರಿಡೋಮಾ ಎಂದು ಹೆಸರು. ಅದಕ್ಕೆ ಪ್ರತಿಕಾಯ ಮಾಡುವುದು ಬಿ ಕೋಶದಿಂದ ಬಂತು, ಸಾಯದಿರುವುದು ಕ್ಯಾನ್ಸರ್ ಕೋಶದಿಂದ ಬಂತು. ಅಂಥ ಒಂದೇ ಕೋಶದ ಸಂತತಿ ಎಲ್ಲವೂ ಒಂದೇ ಪ್ರತಿಕಾಯ ಮಾಡುತ್ತದೆ. ಅದಕ್ಕೇ ‘ಮೊನೊಕ್ಲೋನಲ್’, ಅಂದರೆ ಒಂದೇ ತದ್ರೂಪಿನದು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಈ ಕೋಶಗಳನ್ನು ಇಟ್ಟರೆ ದಶಕಗಳ ನಂತರವೂ ಹೊರತೆಗೆದು ಬೆಳೆಸಬಹುದು. ಈ ಕೆಲಸಕ್ಕೆ 1984ರಲ್ಲಿ ನೀಲ್ಸ್ ಯರ್ನೆ ಅವರ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಇದರ ಮೊದಲ ದೊಡ್ಡ ಉಪಯೋಗ ರಕ್ತಕಣಗಳ ಗುರುತು ಹಚ್ಚುವುದರಲ್ಲಿ ಆಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟಿ ಕೋಶ, ಬಿ ಕೋಶ ಎರಡೂ ಒಂದೇ ರೀತಿ ದುಂಡಗೆ ಕಾಣುತ್ತವೆ. ಆದರೆ ಅವುಗಳ ಮೈಮೇಲಿನ ಪ್ರೋಟೀನುಗಳು ಬೇರೆ ಬೇರೆ. ಒಂದೊಂದು ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿ ರಕ್ತಕ್ಕೆ ಸೇರಿಸಿದರೆ ಸಂಬಂಧಪಟ್ಟ ಕಣ ಮಾತ್ರ ಹೊಳೆಯುತ್ತದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರ ಕಣಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಮುಂದೆ ಹಾಯಿಸಿ ಸೆಕೆಂಡಿಗೆ ಸಾವಿರಾರು ಕಣ ಎಣಿಸುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಪ್ರೋಟೀನನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದವು. 1982ರಲ್ಲಿ ಪ್ಯಾರಿಸ್ಸಿನಲ್ಲಿ ವಿಜ್ಞಾನಿಗಳು ಸೇರಿ ಎಲ್ಲರಿಗೂ ಒಂದೇ ಎಣಿಕೆ ಪದ್ಧತಿ ಮಾಡಿದರು. ಸಿಡಿ3, ಸಿಡಿ4, ಸಿಡಿ8 ಎಂಬ ಹೆಸರುಗಳು ಆ ಪದ್ಧತಿಯವು. ಇಂದು ಆ ಪಟ್ಟಿ 370 ದಾಟಿದೆ. ನಾವು ಖಾತೆ ಪುಸ್ತಕದಲ್ಲಿ ಪ್ರತಿ ಖಾತೆಗೂ ಒಂದು ಪುಟ ಸಂಖ್ಯೆ ಕೊಡುತ್ತೇವಲ್ಲ, ಹಾಗೆ.

ಮನುಷ್ಯರಿಗೆ ಇದರಿಂದ ಎಷ್ಟು ಉಪಕಾರವಾಯಿತು ಎಂಬುದಕ್ಕೆ ಎಚ್‌ಐವಿ ಸಾಕ್ಷಿ. 1981ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಹೊಸ ಬಗೆಯ ರೋಗಿಗಳು ಬಂದಾಗ, ಅವರ ರಕ್ತದಲ್ಲಿ ಒಂದು ಬಗೆಯ ಟಿ ಕೋಶಗಳೇ ಕಾಣೆಯಾಗಿವೆ ಎಂದು ತಿಳಿದದ್ದು ಆಗಷ್ಟೇ ಬಂದಿದ್ದ ಮೊನೊಕ್ಲೋನಲ್ ಪ್ರತಿಕಾಯಗಳಿಂದ. ವೈರಸ್ ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅದು ಮಾಡಿದ ಹಾನಿ ಮೊದಲು ಎಣಿಕೆಯಲ್ಲಿ ಕಂಡಿತು. ಆ ಕಣವನ್ನೇ ಇಂದು ಸಿಡಿ4 ಕೋಶ ಎನ್ನುತ್ತೇವೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಸಾಮಾನ್ಯವಾಗಿ 500ರಿಂದ 1,500 ಇರುತ್ತವೆ. 200ಕ್ಕಿಂತ ಕೆಳಗೆ ಹೋದರೆ ಅಪಾಯದ ಹಂತ. ನಮ್ಮ ದೇಶದಲ್ಲಿ 2004ರಲ್ಲಿ ಎಚ್‌ಐವಿಗೆ ಸರ್ಕಾರದ ಉಚಿತ ಔಷಧಿ ಆರಂಭವಾದಾಗ, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸಲು ವೈದ್ಯರು ನೋಡುತ್ತಿದ್ದುದು ಈ ಎಣಿಕೆಯನ್ನೇ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಔಷಧಿ ಕೊಡುವ ನಿಯಮ ಬಂದಿದೆ. ಆದರೂ ರೋಗಿ ಎಷ್ಟು ಬಳಲಿದ್ದಾರೆ ಎಂದು ತಿಳಿಯಲು ಸಿಡಿ4 ಎಣಿಕೆ ಈಗಲೂ ಬೇಕು.

ಹಾಗಾದರೆ ಅದೇ ಸೀಸೆಯಿಂದ ಒಂದು ಹನಿ ಕುರಿಯ ರಕ್ತಕ್ಕೆ ಹಾಕಿದರೆ ಆಗದೇ? ಹೆಚ್ಚಿನ ಸಲ ಆಗುವುದಿಲ್ಲ. ಕುರಿಗೂ ಸಿಡಿ4 ಇದೆ, ಕೆಲಸವೂ ಅದೇ. ಆದರೆ ಪ್ರೋಟೀನಿನ ಆಕಾರ ಬದಲಾಗಿರುತ್ತದೆ. ಮನುಷ್ಯರ ಬೀಗಕ್ಕೆ ಮಾಡಿದ ಕೀಲಿ ಕುರಿಯ ಬೀಗಕ್ಕೆ ಹೊಂದುವುದಿಲ್ಲ. ದನಕ್ಕೆ ಮಾಡಿದ ಕೆಲವು ಪ್ರತಿಕಾಯಗಳು ಕುರಿಗೂ ಹೊಂದುತ್ತವೆ. ಎಲ್ಲವೂ ಅಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಆಶ್ಚರ್ಯ ತಂದಿತು. ಟಿ ಕೋಶಗಳಲ್ಲಿ ಗಾಮಾ-ಡೆಲ್ಟಾ ಎಂಬ ಒಂದು ಬಗೆ ಇದೆ. ನಮ್ಮ ರಕ್ತದಲ್ಲಿ ಅವು ಬಹಳ ಕಡಿಮೆ. ಆದರೆ ಕುರಿಮರಿ, ಕರುಗಳ ರಕ್ತದಲ್ಲಿ ಅವೇ ಬಹುದೊಡ್ಡ ಗುಂಪು. ಅವುಗಳಲ್ಲಿ ಹಲವು ಕಣಗಳ ಮೈಮೇಲೆ ಡಬ್ಲ್ಯೂಸಿ1 ಎಂಬ ಗುರುತು ಇರುತ್ತದೆ. ನಮ್ಮ ದೇಹದಲ್ಲಿ ಅದು ಇಲ್ಲ. ಅಂದರೆ ಮನುಷ್ಯರ ರಕ್ತ ಎಷ್ಟು ಅಧ್ಯಯನ ಮಾಡಿದರೂ ಕುರಿಮರಿ ರೋಗದ ವಿರುದ್ಧ ಹೇಗೆ ಹೋರಾಡುತ್ತದೆ ಎಂಬುದು ಪೂರ್ತಿ ತಿಳಿಯುವುದಿಲ್ಲ. ಕುರಿಯನ್ನೇ ನೋಡಬೇಕು. ನೋಡಲು ಕುರಿಯದೇ ಕೀಲಿಗಳು ಬೇಕು.

ಇಲ್ಲಿಂದ ಮುಂದೆ ನಮ್ಮ ವಿಭಾಗದ ಪಾಠ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಬೇಡಿಕೆ ಎಂದರೆ ಬರೀ ಆಸೆಯಲ್ಲ, ಕೊಳ್ಳುವ ಶಕ್ತಿ ಸೇರಿದ ಆಸೆ ಎಂದು ಓದಿದ್ದೇವೆ. ಮನುಷ್ಯ ಮತ್ತು ಇಲಿಯ ಕಣಗಳನ್ನು ಗುರುತಿಸುವ ಪ್ರತಿಕಾಯಗಳು ಕಂಪನಿಗಳ ಪಟ್ಟಿಯಲ್ಲಿ ಸಾವಿರಗಟ್ಟಲೆ ಇವೆ, ಯಾಕೆಂದರೆ ಆಸ್ಪತ್ರೆಗಳು, ಔಷಧ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುತ್ತವೆ. ಕುರಿಯ ಪುಟಕ್ಕೆ ಬಂದರೆ ಬೆರಳೆಣಿಕೆಯ ಹೆಸರುಗಳು. ಇರುವುದೂ ಹೆಚ್ಚಾಗಿ ಹೊರದೇಶದ್ದು. ಬೆಲೆ ದುಬಾರಿ, ತಣ್ಣಗೆ ಇಟ್ಟೇ ತರಬೇಕು, ಬೆಳಕು ಬಿದ್ದರೆ ಬಣ್ಣ ಕೆಡುತ್ತದೆ. ಕುರಿಗಾರನಿಗೆ ಆಸೆ ಇದೆ, ಅವಶ್ಯಕತೆ ಇದೆ, ಆದರೆ ಈ ಮಾರುಕಟ್ಟೆಯಲ್ಲಿ ಅವನು ಗ್ರಾಹಕನೇ ಅಲ್ಲ. ಆದ್ದರಿಂದ ಅವನಿಗೆ ಬೇಕಾದ ಸರಕು ತಯಾರಾಗುವುದಿಲ್ಲ. ಇದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ. ಲಾಭ ನೋಡಿ ನಡೆಯುವ ಮಾರುಕಟ್ಟೆ ಇದನ್ನು ಮಾಡುವುದಿಲ್ಲ ಎಂದು ನಮ್ಮ ಪಠ್ಯದಲ್ಲೇ ಇದೆ. ಸಾರ್ವಜನಿಕ ಸರಕು ಎಂಬ ಪಾಠ ಇರುವುದೇ ಅದಕ್ಕಾಗಿ.

ಕುರಿಯಿಂದ ಬದುಕುವ ದೇಶ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಉದಾಹರಣೆ. ಅಲ್ಲಿ ಜನರಿಗಿಂತ ಕುರಿಗಳ ಸಂಖ್ಯೆ ಹೆಚ್ಚು. ಉಣ್ಣೆ ಆ ದೇಶದ ದೊಡ್ಡ ವ್ಯಾಪಾರ. ಕುರಿಯ ಸಿಡಿ4 ಮತ್ತು ಸಿಡಿ8ಗೆ ಅಂಟುವ ಪ್ರತಿಕಾಯಗಳನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1985ರಲ್ಲೇ ಪ್ರಕಟಿಸಿದರು. ಆ ಕಾಲದ ತದ್ರೂಪುಗಳನ್ನು ಜಗತ್ತಿನ ಪ್ರಯೋಗಾಲಯಗಳು ಈಚಿನವರೆಗೂ ಬಳಸುತ್ತಾ ಬಂದಿವೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ದೇಶದಲ್ಲಿ ಮೂರನೇ ಸ್ಥಾನ ನಮ್ಮದು. ಮೂರೂ ಅಕ್ಕಪಕ್ಕದ ರಾಜ್ಯಗಳು. ಚಳ್ಳಕೆರೆಯಿಂದ ಆಂಧ್ರದ ಗಡಿ ಎಷ್ಟು ದೂರ? ದೇಶದ ಕುರಿ ಸಾಕಣೆಯ ನಡುಭಾಗದಲ್ಲೇ ನಾವು ಕೂತಿದ್ದೇವೆ ಎನ್ನಬಹುದು.

ಕಣ ಎಣಿಸಿ ಏನು ಮಾಡುತ್ತೀರಿ, ಲಸಿಕೆ ಇದೆಯಲ್ಲ ಎಂದು ಅಬ್ಬಾ ಕೇಳಿದರು. ಒಳ್ಳೆಯ ಪ್ರಶ್ನೆ. ಪಿಪಿಆರ್ ಎಂಬ ರೋಗವನ್ನೇ ತೆಗೆದುಕೊಳ್ಳೋಣ. ಜ್ವರ, ಮೂಗು ಸೋರುವುದು, ಬಾಯಿಹುಣ್ಣು, ಭೇದಿ, ಕೊನೆಗೆ ಉಸಿರಾಟದ ತೊಂದರೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ. ಇದರ ವೈರಸ್ ಮನುಷ್ಯರ ದಡಾರದ ವೈರಸ್ಸಿನ ಸಂಬಂಧಿ. ಇದು ಕುರಿಯ ಮೈ ಸೇರಲು ಬಳಸುವ ಬಾಗಿಲುಗಳಲ್ಲಿ ಒಂದು, ಬಿಳಿ ರಕ್ತಕಣಗಳ ಮೇಲಿರುವ ಸಿಡಿ150 ಎಂಬ ಪ್ರೋಟೀನು. ಅಂದರೆ ಕಾವಲು ಕಾಯುವ ಕಣಗಳನ್ನೇ ಅದು ಮೊದಲು ಹಿಡಿಯುತ್ತದೆ. ಕಣಗಳು ಕಡಿಮೆಯಾದ ಮೇಲೆ ಬೇರೆ ರೋಗಾಣುಗಳು ಸುಲಭವಾಗಿ ನುಗ್ಗುತ್ತವೆ. ಇದಕ್ಕೆ ಒಳ್ಳೆಯ ಲಸಿಕೆಯನ್ನು ನಮ್ಮ ದೇಶದ ವಿಜ್ಞಾನಿಗಳೇ ಮಾಡಿದ್ದಾರೆ. ಉತ್ತರಾಖಂಡದ ಮುಕ್ತೇಶ್ವರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಪಿಪಿಆರ್ ಪತ್ತೆಗೆ ಮಾಡಿದ ಕಿಟ್‌ಗಳಲ್ಲೂ ಮೊನೊಕ್ಲೋನಲ್ ಪ್ರತಿಕಾಯವೇ ಇದೆ. 2030ರೊಳಗೆ ಜಗತ್ತಿನಿಂದಲೇ ಈ ರೋಗವನ್ನು ಅಳಿಸುವ ಗುರಿ ಇದೆ.

ಆದರೆ ಲಸಿಕೆ ಇದೆ ಎಂಬುದು ಬೇರೆ, ಪ್ರತಿ ಕುರಿಯಲ್ಲೂ ಅದು ಹತ್ತಿತು ಎಂಬುದು ಬೇರೆ. ಒಂದು ವರ್ಷ ಅಬ್ಬಾ ಮುಂಗಡ ಕೊಟ್ಟಿದ್ದ ಒಂದು ಹಿಂಡಿನಲ್ಲಿ ಬೇನೆ ಬಂತು. ಆ ಕುರಿಗಾರ ನಮ್ಮ ಮನೆ ಕಟ್ಟೆಯ ಮೇಲೆ ಕೂತು, “ಸೂಜಿ ಹಾಕ್ಸಿದ್ವಲ್ಲ ಸಾಬ್ರೆ, ಆದ್ರೂ ಯಾಕೆ ಹಿಂಗಾತು?” ಎಂದು ಕೇಳಿದರು. ಅಬ್ಬಾ, “ನಂಗೇನು ಗೊತ್ತು ಯಜಮಾನ್ರೆ, ನಿಮಗೆ ಗೊತ್ತಿರೋದೇ ನಂಗೂ” ಎಂದರು. ಬಂದದ್ದು ಆ ಸೂಜಿ ತಡೆಯುವ ರೋಗವೋ ಬೇರೆಯದೋ ಇಬ್ಬರಿಗೂ ಗೊತ್ತಿರಲಿಲ್ಲ. ಸೂಜಿ ಹಾಕುವಾಗಲೇ ಕುರಿಗೆ ಸೋಂಕು ತಗುಲಿತ್ತೋ, ಲಸಿಕೆ ದಾರಿಯಲ್ಲಿ ಬಿಸಿಯಾಗಿ ಕೆಟ್ಟಿತ್ತೋ, ಹೊಟ್ಟೆಹುಳು ಮತ್ತು ಮೇವಿಲ್ಲದೆ ಸೊರಗಿದ ಕುರಿಯ ದೇಹಕ್ಕೆ ಲಸಿಕೆಗೆ ಉತ್ತರ ಕೊಡುವ ಶಕ್ತಿಯೇ ಇರಲಿಲ್ಲವೋ ಎಂದು ಹೇಳುವವರು ಯಾರೂ ಇರಲಿಲ್ಲ.

ಈ ಕೊನೆಯ ಮಾತು ಗಮನಿಸಿ. ಕಾವಲು ಕಡಿಮೆಯಾದಂತೆ ಉಳಿದ ಜಾಗದಲ್ಲಿ ಕುರಿಗಳು ಒತ್ತಾಗಿ ಮೇಯುತ್ತವೆ. ಒತ್ತಾಗಿ ಮೇಯ್ದರೆ ಹುಳುವಿನ ಬಾಧೆ ಹೆಚ್ಚು, ಹುಲ್ಲು ಕಡಿಮೆ. ಹೀಗೆ ಸೊರಗಿದ ಕುರಿಯಲ್ಲಿ ಲಸಿಕೆ ಎಷ್ಟು ಕೆಲಸ ಮಾಡುತ್ತದೆ? ಇದು ಮೆಲ್ಬರ್ನಿನ ಪ್ರಶ್ನೆಯಲ್ಲ, ಉಳ್ಳಾರ್ತಿಯ ಪ್ರಶ್ನೆ. ಲಸಿಕೆಗೆ ಮೊದಲು ಒಮ್ಮೆ, ನಂತರ ಕೆಲವು ವಾರಗಳಿಗೆ ಒಮ್ಮೆ ರಕ್ತ ತೆಗೆದು ಸಿಡಿ4 ಎಷ್ಟು, ಸಿಡಿ8 ಎಷ್ಟು, ಗಾಮಾ-ಡೆಲ್ಟಾ ಎಷ್ಟು, ಅವು ವೈರಸ್ಸನ್ನು ಕಂಡು ಎಚ್ಚೆತ್ತಿವೆಯೇ ಎಂದು ನೋಡಿದರೆ ಉತ್ತರದ ಒಂದು ಭಾಗ ಸಿಗುತ್ತದೆ. ರಕ್ತದ ಸೀರಂನಲ್ಲಿ ಪ್ರತಿಕಾಯ ಅಳೆಯುವ ಪರೀಕ್ಷೆ ಈಗಾಗಲೇ ಇದೆ. ಅದು ಬೇಕು. ಆದರೆ ಅದು ಹೋರಾಟದ ಅರ್ಧ ಭಾಗವನ್ನು ಮಾತ್ರ ತೋರಿಸುತ್ತದೆ. ಉಳಿದರ್ಧ ಕಣಗಳಲ್ಲಿದೆ. ನೀಲಿ ನಾಲಿಗೆ ರೋಗದ ವಿಷಯ ಇನ್ನೂ ಕಷ್ಟ. ಅದರ ವೈರಸ್ಸಿನಲ್ಲಿ ಎರಡು ಡಜನ್‌ಗೂ ಹೆಚ್ಚು ಬಗೆಗಳಿವೆ, ಒಂದಕ್ಕೆ ಬಂದ ರಕ್ಷಣೆ ಇನ್ನೊಂದಕ್ಕೆ ಸಾಕಾಗುವುದಿಲ್ಲ. ಅಂಥಲ್ಲಿ ಯಾವ ಲಸಿಕೆ ಎಷ್ಟು ಹತ್ತಿತು ಎಂದು ಕಣದ ಮಟ್ಟದಲ್ಲಿ ನೋಡುವುದು ಹೆಚ್ಚು ಮುಖ್ಯವಾಗುತ್ತದೆ.

ಇದಕ್ಕೆ ಎದುರು ಮಾತುಗಳೂ ಇವೆ. ಕುರಿಗಾರರಿಗೆ ಮೊದಲು ಬೇಕಾದದ್ದು ಮೇವು, ನೀರು, ಹೊತ್ತಿಗೆ ಸರಿಯಾಗಿ ಬರುವ ಪಶುವೈದ್ಯರು, ಈ ಪ್ರಯೋಗಾಲಯ ಆಮೇಲೆ ಎಂದು ಯಾರಾದರೂ ಹೇಳಿದರೆ ನಾನು ಜಗಳ ಮಾಡುವುದಿಲ್ಲ. ಅವು ಮೊದಲೇ ಬೇಕು. ಪ್ರತಿಕಾಯದ ಸೀಸೆ ಹುಲ್ಲಿನ ಬದಲಿಯಾಗಲಾರದು. ಕಾವಲಿಗೆ ಇದು ಬೆಲೆ ಎಂದೂ ನಾನು ಹೇಳುತ್ತಿಲ್ಲ. ಬೇಲಿಯಾಚೆ ಖಾಲಿ ಇರುವ ಜಾಗದಲ್ಲಿ ಮೇಯಲು ಬಿಡಬೇಕೆಂಬ ಬೇಡಿಕೆ ಹಾಗೆಯೇ ಉಳಿಯಬೇಕು. ಆದರೆ ವಿಜ್ಞಾನ ಸಂಸ್ಥೆಯಿಂದ ಹುಲ್ಲನ್ನಷ್ಟೇ ಕೇಳಿ ವಿಜ್ಞಾನವನ್ನು ಕೇಳದೆ ಇರುವುದು ನಮ್ಮ ಹಕ್ಕನ್ನು ನಾವೇ ಅರ್ಧ ಮಾಡಿಕೊಂಡಂತೆ.

ಖರ್ಚು ಹೆಚ್ಚು ಎಂಬುದು ಎರಡನೆಯ ಮಾತು. ಇಲ್ಲಿ ಬಂಡವಾಳ ವೆಚ್ಚ ಮತ್ತು ಕಂದಾಯ ವೆಚ್ಚದ ವ್ಯತ್ಯಾಸ ನೆನಪಿಸಿಕೊಳ್ಳಿ. ಹೊರದೇಶದಿಂದ ಸೀಸೆ ತರಿಸುವುದು ಪ್ರತಿ ವರ್ಷದ ಕಂದಾಯ ವೆಚ್ಚ. ಸೀಸೆ ಮುಗಿಯಿತು, ಮತ್ತೆ ದುಡ್ಡು. ಹೈಬ್ರಿಡೋಮಾ ಕೋಶವನ್ನೇ ನಾವು ಮಾಡಿ ಇಟ್ಟುಕೊಂಡರೆ ಅದು ಆಸ್ತಿ. ಮೊದಲ ಸಲ ದುಡ್ಡು, ಶ್ರಮ, ಎರಡು ಮೂರು ವರ್ಷ ಬೇಕಾದೀತು. ಆಮೇಲೆ ಬೇಕಾದಾಗ ಬೆಳೆಸಿಕೊಳ್ಳಬಹುದು. ಈಗ ಇನ್ನೂ ಒಳ್ಳೆಯ ದಾರಿ ಬಂದಿದೆ. ಪ್ರತಿಕಾಯದ ಅನುಕ್ರಮವನ್ನು, ಅಂದರೆ ಅದರ ಅಕ್ಷರಮಾಲೆಯನ್ನು, ಓದಿ ಬರೆದಿಟ್ಟುಕೊಂಡರೆ ಮತ್ತೆ ಇಲಿ ಬೇಕಾಗಿಲ್ಲ, ಆ ಬರಹದಿಂದಲೇ ಬೇರೆ ಪ್ರಯೋಗಾಲಯದವರೂ ಅದೇ ಪ್ರತಿಕಾಯ ಮಾಡಿಕೊಳ್ಳಬಹುದು. ಮಾರುಕಟ್ಟೆಯ ಎಷ್ಟೋ ಪ್ರತಿಕಾಯಗಳು ಹೇಳಿದ ಕೆಲಸ ಮಾಡುವುದಿಲ್ಲ, ಆದ್ದರಿಂದ ಅನುಕ್ರಮ ಗೊತ್ತಿರುವ ಪ್ರತಿಕಾಯಗಳನ್ನೇ ಬಳಸೋಣ ಎಂದು 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ ಕರೆ ಕೊಟ್ಟಿದ್ದಾರೆ.

ಯಾರ ಒಡೆತನ ಎಂಬುದು ಮೂರನೆಯದು. ಕೋಲರ್ ಮತ್ತು ಮಿಲ್‌ಸ್ಟೀನ್ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಪೇಟೆಂಟ್ ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆಗೆ ಅದರಲ್ಲಿ ತಕ್ಷಣದ ಉಪಯೋಗ ಕಾಣಲಿಲ್ಲ. ಮಿಲ್‌ಸ್ಟೀನ್ ತಮ್ಮ ಕೋಶಗಳನ್ನು ಕೇಳಿದವರಿಗೆಲ್ಲ ಕಳಿಸಿಕೊಟ್ಟರು. ಲಾಭ-ನಷ್ಟದ ಖಾತೆಯಲ್ಲಿ ನೋಡಿದರೆ ಇಂಗ್ಲೆಂಡಿಗೆ ಇದು ದೊಡ್ಡ ನಷ್ಟ. ಇಂದು ಈ ಪ್ರತಿಕಾಯಗಳ ವ್ಯಾಪಾರ ಲಕ್ಷಾಂತರ ಕೋಟಿ ರೂಪಾಯಿಯದು. ಆದರೆ ವಿಧಾನ ಎಲ್ಲರ ಕೈಗೂ ಸಿಕ್ಕಿದ್ದರಿಂದಲೇ ಕೆಲವೇ ವರ್ಷಗಳಲ್ಲಿ ಅಷ್ಟೊಂದು ಕಣಗಳ ಗುರುತು ಸಿಕ್ಕಿತು, ಕುರಿಯ ಪ್ರತಿಕಾಯ ಮಾಡಲು ಮೆಲ್ಬರ್ನಿನವರಿಗೂ ಸಾಧ್ಯವಾಯಿತು. ಸಾರ್ವಜನಿಕರ ಭೂಮಿ, ಸಾರ್ವಜನಿಕರ ಹಣದಿಂದ ಇಲ್ಲಿ ಏನು ಮಾಡಿದರೂ ಅದು ಸಾರ್ವಜನಿಕವಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದದ್ದೇ ದನಗಳ ದೊಡ್ಡ ರೋಗಕ್ಕೆ ಸೀರಂ ತಯಾರಿಸಲು. ಸೀರಂನಲ್ಲಿ ಕೆಲಸ ಮಾಡುತ್ತಿದ್ದದ್ದೂ ಪ್ರತಿಕಾಯಗಳೇ, ಆಗ ಅವು ಕಲಬೆರಕೆಯಾಗಿದ್ದವು, ಅಷ್ಟೇ. 2011ರಲ್ಲಿ ಆ ರೋಗ ಜಗತ್ತಿನಿಂದಲೇ ಹೋಯಿತು. ಇಂದು ಹೆಬ್ಬಾಳದಲ್ಲಿ ಕುರಿಯ ಲಸಿಕೆಗಳು ತಯಾರಾಗುತ್ತವೆ. ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಕಣ ಎಣಿಸುವ ಯಂತ್ರಗಳೂ, ಅದನ್ನು ಬಲ್ಲವರೂ ಇದ್ದಾರೆ. ಅದೇ ಸಂಸ್ಥೆಯ 1,500 ಎಕರೆ ನಮ್ಮ ಕುದಾಪುರದಲ್ಲಿದೆ, ಅಲ್ಲಿ ಪಿಯು ಕಾಲೇಜಿನ ವಿಜ್ಞಾನ ಉಪನ್ಯಾಸಕರಿಗೆ ತರಬೇತಿಯೂ ನಡೆಯುತ್ತಿದೆ. ಜ್ಞಾನ, ಜಾಗ, ಕುರಿ ಮೂರೂ ಇವೆ. ಇವನ್ನು ಒಂದೆಡೆ ಸೇರಿಸುವ ನಿರ್ಧಾರ ಮಾತ್ರ ಬಾಕಿ.

ನನ್ನ ಕೋರಿಕೆ ಮೂರು. ಮೊದಲನೆಯದು, ಕುದಾಪುರದಲ್ಲಿ ಕುರಿ-ಆಡುಗಳ ರೋಗನಿರೋಧಕ ಶಕ್ತಿಯ ಒಂದು ಸಣ್ಣ ಪ್ರಯೋಗಾಲಯ. ಎಲ್ಲವನ್ನೂ ಒಮ್ಮೆಲೇ ಮಾಡಬೇಕಿಲ್ಲ. ಸಿಡಿ4, ಸಿಡಿ8, ಡಬ್ಲ್ಯೂಸಿ1, ಬಿ ಕೋಶಕ್ಕೆ ಒಂದು, ಮೊನೋಸೈಟ್ ಕಣಕ್ಕೆ ಒಂದು, ಹೀಗೆ ಐದು ಪ್ರತಿಕಾಯ ಸಾಕು. ನಮ್ಮ ದಖನಿ ಕುರಿಯ ರಕ್ತದಲ್ಲೇ ಪರೀಕ್ಷಿಸಿ, ಅನುಕ್ರಮವನ್ನು ಎಲ್ಲರಿಗೂ ತೆರೆದಿಡಲಿ. ಎರಡನೆಯದು, ಕುರಿಗಾರರ ಒಪ್ಪಿಗೆ ಪಡೆದು ಪ್ರತಿ ವರ್ಷ ಲಸಿಕೆಯ ಮುಂಚೆ, ನಂತರ ಕೆಲವು ಹಿಂಡುಗಳ ರಕ್ತ ಪರೀಕ್ಷೆ ಮಾಡಲಿ. ಫಲಿತಾಂಶವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಿಸಿ ಬಿಡದೆ, ಆ ಹಳ್ಳಿಗೆ ಬಂದು ಕನ್ನಡದಲ್ಲಿ ಹೇಳಲಿ. ಮನೆ ಕಟ್ಟೆಯ ಮೇಲೆ ಆ ಯಜಮಾನರು ಕೇಳಿದ ಪ್ರಶ್ನೆಗೆ ಉತ್ತರ ಅವರಿಗೇ ಸೇರಬೇಕು. ಮೂರನೆಯದು, ಈ ಕೆಲಸಕ್ಕೆ ಬೇಕಾಗುವ ಸಹಾಯಕರನ್ನು ಈ ತಾಲ್ಲೂಕಿನ ಮಕ್ಕಳಿಂದಲೇ ತಯಾರು ಮಾಡಲಿ. ಕೋಶ ಬೆಳೆಸುವುದು, ಯಂತ್ರ ನಡೆಸುವುದು ವಿಜ್ಞಾನದವರ ಕೆಲಸ. ಯಾವ ಸೀಸೆ ಯಾವ ತದ್ರೂಪಿನದು, ಯಾವ ದಿನಾಂಕದ ತಯಾರಿಕೆ, ಎಷ್ಟು ಉಳಿದಿದೆ, ಯಾವ ತಾಪಮಾನದಲ್ಲಿದೆ ಎಂಬ ದಾಸ್ತಾನು ಪುಸ್ತಕ ಇಡುವುದು ನಮಗೆ ಬರುತ್ತದೆ. ಆ ಪುಸ್ತಕ ಸರಿ ಇಲ್ಲದಿದ್ದರೆ ಎಣಿಕೆಯೂ ಸರಿ ಇರುವುದಿಲ್ಲ.

ನಮ್ಮ ಕಾಲೇಜು ಇದರಲ್ಲಿ ಏನು ಮಾಡಬಹುದು? ಕುದಾಪುರಕ್ಕೆ ತರಬೇತಿಗೆ ಹೋಗುವ ಅವಕಾಶ ಸಿಕ್ಕಿದಾಗ ನಮ್ಮ ಜೀವಶಾಸ್ತ್ರ ಉಪನ್ಯಾಸಕರು ಈ ಪ್ರಶ್ನೆಯನ್ನು ಅಲ್ಲಿನ ವಿಜ್ಞಾನಿಗಳ ಮುಂದೆ ಇಡಲಿ ಎಂದು ವಿನಂತಿಸುತ್ತೇನೆ. ಕುರಿ ಸಾಕುವ ಮನೆಗಳಿಂದ ಬರುವ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲೂ ಅಕ್ಕಪಕ್ಕದ ಕಾಲೇಜುಗಳಲ್ಲೂ ಇದ್ದಾರೆ. ನಾವೆಲ್ಲ ಸೇರಿ ನಮ್ಮ ನಮ್ಮ ಊರಿನಲ್ಲಿ ಯಾವ ತಿಂಗಳು ಯಾವ ಬೇನೆ ಬಂತು, ಯಾವಾಗ ಸೂಜಿ ಹಾಕಿಸಿದ್ದರು, ಎಷ್ಟು ಸತ್ತವು ಎಂದು ಒಂದು ವರ್ಷ ಬರೆದಿಡೋಣ. ವಾಣಿಜ್ಯ ವಿಭಾಗದವರು ಅದನ್ನು ಪಟ್ಟಿ ಮಾಡಿ ಕೊಡುತ್ತೇವೆ. ಬರೀ ಬಾಯಿಮಾತಿನ ಮನವಿಗಿಂತ ಅಂಥ ಪಟ್ಟಿ ಜೊತೆಗಿರುವ ಮನವಿಗೆ ತೂಕ ಹೆಚ್ಚು. ಆಸಕ್ತಿ ಇರುವವರು ಮಧ್ಯಾಹ್ನದ ವಿರಾಮದಲ್ಲಿ ಗ್ರಂಥಾಲಯದಲ್ಲಿ ನನ್ನನ್ನು ಕಾಣಬಹುದು. ನೋಟ್‌ಬುಕ್ ಒಂದನ್ನು ತೆಗೆದಿಟ್ಟಿದ್ದೇನೆ, ಮೊದಲ ಪುಟದಲ್ಲಿ ಕಲಂಗಳನ್ನು ಎಳೆದಾಗಿದೆ.